ಸರಾಸರಿ ಮೇಡಂ ಮತ್ತು ತುಂಬಿ ಹರಿದ ವರ್ಷ

ಇಲ್ಲಿ ಸೇರಿರುವ ಹಿರಿಯರೇ, ಕಚೇರಿಯ ಗೆಳೆಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಅಣ್ಣನವರೇ, ಅತ್ತಿಗೆಯವರೇ, ಮೇಡಂ ಮಗಳೇ — ಎಲ್ಲರಿಗೂ ನಮಸ್ಕಾರ.

ಮಾತನಾಡಿ ಎಂದರು, ಎದ್ದು ಬಂದೆ. ಅಳು ಬರುತ್ತಿಲ್ಲ. ದುಃಖವೋ ಅಲ್ಲವೋ ಅದೂ ತಿಳಿಯುತ್ತಿಲ್ಲ. ನಿನ್ನೆ ಅವರ ಮೇಜಿನ ಫೋನು ಹೊಡೆದುಕೊಂಡಿತು. ಎತ್ತಿ, "ಮೇಡಂ ಸೀಟಲ್ಲಿಲ್ಲ, ಆಮೇಲೆ ಮಾಡಿ" ಎಂದೆ. ಇಟ್ಟೆ. ಕೆಲಸ ಮುಂದುವರಿಸಿದೆ. ಹಾಗಿದ್ದೇನೆ — ಅಷ್ಟೇ.

ಜಲಾಶಯದ ಕಚೇರಿಯಲ್ಲಿ ಅವರ ಪಕ್ಕದ ಮೇಜು ನನ್ನದು. ಯಾವ ವರ್ಷ ಎಷ್ಟು ಮಳೆ, ಹೊಳೆಗೆ ಎಷ್ಟು ನೀರು, ಒಂದು ಬರದ ಬೆನ್ನಿಗೆ ಇನ್ನೊಂದು ಬರುವ ಸಂಭವ ಎಷ್ಟು — ಇದು ಅವರ ಕೆಲಸ. ನಾವು ಬೆನ್ನ ಹಿಂದೆ 'ಸರಾಸರಿ ಮೇಡಂ' ಎನ್ನುತ್ತಿದ್ದೆವು. ಯಾಕೆಂದರೆ ಆ ಪದ ಕಿವಿಗೆ ಬಿದ್ದರೆ ಅವರಿಗೆ ಮೈಯೆಲ್ಲಾ ಉರಿ. "ಒಂದು ವರ್ಷ ನೆರೆ, ಒಂದು ವರ್ಷ ಬರ. ಕೂಡಿಸಿ ಎರಡರಿಂದ ಭಾಗಿಸಿದ್ರೆ ಸುಭಿಕ್ಷ! ಆ ಸುಭಿಕ್ಷದ ವರ್ಷ ನಿಮ್ಮಲ್ಲಿ ಯಾರಾದ್ರೂ ಕಂಡಿದ್ದೀರೇನ್ರೀ?" — ಕನ್ನಡಕ ಹಣೆಗೇರಿಸಿ ಹೀಗೆ ಕೇಳುತ್ತಿದ್ದರು. ನೀವು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ.

ಒಂದು ಸಂಗತಿ ಹೇಳುತ್ತೇನೆ. ಅಣ್ಣನವರನ್ನು ಕೇಳಿಕೊಂಡೇ ಹೇಳುತ್ತಿದ್ದೇನೆ.

ಸತತ ಎರಡು ವರ್ಷ ಬರ ಬಿದ್ದಿತ್ತು. ಉಳಿದ ನೀರನ್ನು ಊರಿಗೆ ಬಿಡುವುದೋ, ಹಿಡಿದಿಡುವುದೋ ಎಂದು ಸಭೆ ಸೇರಿತು. ಮುಖ್ಯ ಎಂಜಿನಿಯರ್ ಅಂದರು, "ಎರಡು ವರ್ಷ ಕೈಕೊಟ್ಟ ಮಳೆ ಈ ಸಲ ಬಂದೇ ಬರುತ್ತೆ ಬಿಡಿ."

ಮೇಡಂ ಎದ್ದರು. "ಕೈಕೊಟ್ಟಿದ್ದೀನಿ, ಈ ಸಲ ಸರಿಮಾಡೋಣ ಅಂತ ಮಳೆಗೆ ನೆನಪಿರಲ್ಲ ಸರ್. ನೆನಪಿರೋದು ನೆಲಕ್ಕೆ. ಒಣಗಿದ ನೆಲ ಮೊದಲ ಮಳೆನೆಲ್ಲ ತಾನೇ ಕುಡಿದುಬಿಡುತ್ತೆ, ಹೊಳೆಗೆ ಉಳಿಯಲ್ಲ. ನಮ್ಮ ಹೊಳೆ ಹಿಂದೆ ಹೀಗೆ ಬತ್ತಿದಾಗಲೆಲ್ಲ ಮುಂದಿನ ವರ್ಷವೂ ಬತ್ತಿದ್ದೇ ಹೆಚ್ಚು. ಹಿಡಿದಿಡಿ."

ಅವರ ಮಾತು ನಡೆಯಿತು. ನಲ್ಲಿಗಳಲ್ಲಿ ನೀರು ಕಡಿಮೆಯಾಯಿತು. ಹೆಚ್ಚು ನೀರು ಬೇಡುವ ಕಸುಬುಗಳು ನಿಂತವು. ಅಣ್ಣನವರದು ಬಟ್ಟೆಗೆ ಬಣ್ಣ ಹಾಕುವ ಶೆಡ್ಡು. ಅವರು ಕಚೇರಿಗೇ ಬಂದು ಕೇಳಿದರು, "ನಿನ್ನ ಲೆಕ್ಕದಲ್ಲಿ ನಾನೆಲ್ಲಿದ್ದೀನಿ? ತೋರಿಸು."

"ಕುಡಿಯೋಕೆ ಇಟ್ಟಿರೋದು ಅಣ್ಣ" ಎಂದರು ಮೇಡಂ. ಅಣ್ಣನವರು ತಿರುಗಿಯೂ ನೋಡದೆ ಹೋದರು.

ಆಮೇಲೆ — ಮಳೆ ಬಂತು. ಎಂಥ ಮಳೆ! ಜಲಾಶಯ ತುಂಬಿ ಕೋಡಿ ಹರಿಯಿತು. ಹಿಡಿದಿಟ್ಟ ನೀರೆಲ್ಲ ಕಣ್ಣೆದುರೇ ಹೊಳೆ ಪಾಲಾಯಿತು. ಊರು ನಕ್ಕಿತು. ಶೆಡ್ಡಿನ ಗಿರಾಕಿಗಳು ಬೇರೆ ಕಡೆ ಹೋಗಿದ್ದರು, ಮರಳಿ ಬರಲಿಲ್ಲ. ಅಣ್ಣ ತಂಗಿಯ ಮನೆ ಮೆಟ್ಟಿಲು ತುಳಿಯಲಿಲ್ಲ, ವರ್ಷಗಟ್ಟಲೆ.

ನಾನೇ ಒಮ್ಮೆ ಅಂದೆ, "ತಪ್ಪಾಯ್ತು ಅಂದ್ಬಿಡಿ ಮೇಡಂ, ಮುಗಿದುಹೋಗುತ್ತೆ."

"ತಪ್ಪಾಗಿದ್ರೆ ಅಂತಿದ್ದೆ. ಆವತ್ತು ಗೊತ್ತಿದ್ದಿದ್ದು ಅಷ್ಟೇ. ಮತ್ತೆ ಹಾಗೇ ಬಂದ್ರೆ ಮತ್ತೆ ಅದನ್ನೇ ಹೇಳ್ತೀನಿ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಣ್ಣನ ಶೆಡ್ಡಿಗೆ ಬೀಗ ಬಿತ್ತಲ್ಲ, ಅದಕ್ಕೆ ಅಳ್ತೀನಿ. ಅದು ಬೇರೆ, ಇದು ಬೇರೆ."

ಹೋದ ತಿಂಗಳು ಹೃದಯದ ತೊಂದರೆ ಎಂದರು ಡಾಕ್ಟರು. ಮೇಡಂ ತಾವೇ ಅಣ್ಣನಿಗೆ ಫೋನು ಮಾಡಿದರು. ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ — ಬಂದರು. ಅತ್ತಿಗೆಯವರೂ ಬಂದರು. ಆಪರೇಷನ್ ಮಾಡದಿದ್ದರೆ ಹೆಚ್ಚು ದಿನ ಕಷ್ಟ; ಮಾಡಿದರೆ ನೂರಕ್ಕೆ ತೊಂಬತ್ತೈದು ಜನ ಎದ್ದು ಮನೆಗೆ ಹೋಗುತ್ತಾರೆ ಎಂದರು ಡಾಕ್ಟರು.

"ನೀನು ಹೇಳು ಅಣ್ಣ. ನನ್ನ ಲೆಕ್ಕ ನನಗೇ ಹಾಕೋಕಾಗ್ತಿಲ್ಲ."

ಅಣ್ಣನವರು ಡಾಕ್ಟರನ್ನು ಕೇಳಿದ್ದನ್ನೇ ಕೇಳಿದರು. ಆಮೇಲೆ, "ಮಾಡಿಸ್ಕೋ ಪುಟ್ಟಿ" ಎಂದರು.

ಮೇಡಂ ನನ್ನ ಕಡೆ ತಿರುಗಿ, "ಕೇಳಿಸ್ತಾ? ಪುಟ್ಟಿ ಅಂದ!" ಎಂದರು. ಅಷ್ಟು ಖುಷಿಯಾಗಿ ಅವರು ನಕ್ಕದ್ದನ್ನು ನಾನು ಕಚೇರಿಯಲ್ಲಿ ನೋಡಿಯೇ ಇರಲಿಲ್ಲ.

ಆಪರೇಷನ್ನಿನಿಂದ ಅವರು ಏಳಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಅಣ್ಣನವರು ಗೋಡೆ ನೋಡುತ್ತ ಕುಳಿತಿದ್ದರು. ಪಕ್ಕದಲ್ಲಿ ಕುಳಿತು ಹೇಳಿದೆ, "ಅಣ್ಣ, ನೀವು ಹೇಳಿದ್ದು ಸರಿಯಾಗೇ ಇತ್ತು. ಯಾರಾದ್ರೂ ಅದನ್ನೇ ಹೇಳ್ತಿದ್ರು."

"ಸರಿ ಅಂತ ನಂಗೂ ಗೊತ್ತಪ್ಪ" ಎಂದರು. ಆಮೇಲೆ ನನ್ನ ಕಡೆ ತಿರುಗಿ — "ಸರಿಯಾಗೇ ಹೇಳಿ, ಹೀಗೆ ಕೂತಿರೋದು ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು. ಅವಳು ಅಷ್ಟು ವರ್ಷ ಒಬ್ಬಳೇ ಕೂತಿದ್ಲಲ್ಲಯ್ಯ."

ನಾನು ಹೋಗಿ ಅವರಿಗೆ ಕುಡಿಯಲು ನೀರು ತಂದುಕೊಟ್ಟೆ.

ದಯವಿಟ್ಟು ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲೋಣ. ಆ ಫ್ಯಾನು ಸ್ವಲ್ಪ ಆರಿಸಿ — ತುಂಬಾ ಸದ್ದು ಮಾಡುತ್ತಿದೆ. ಅಣ್ಣ, ನೀವು ಕೂತೇ ಇರಿ, ಮೊಣಕಾಲು ನೋವಿದೆ ನಿಮಗೆ... ಬೇಡವೇ? ಸರಿ. ಮಗಳೇ, ಮಾವನ ಕೈ ಹಿಡಿದುಕೋ ಅಮ್ಮ.

ಇನ್ನು ಮಾತು ಬೇಡ.