ಎಡಗಡೆ ಸೀಟು

ಎಪ್ಪತ್ತಾರರ ಶ್ರಾವಣ. ಹೊಸದುರ್ಗದಿಂದ ಹೊರಟವರು ಹೊಳಲ್ಕೆರೆ ಮುಟ್ಟುವಷ್ಟರಲ್ಲಿ ಸಂಜೆ ಮಳೆ ಹಿಡಿಯಿತು. ಏಕಾಂತಪ್ಪ ಹುಚ್ಚಕ್ಕನ ಚಹಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಓಡಿದ. ಸೀರೆ ನೆನೆಯುತ್ತದೆಂದು ಹೆಂಡತಿ ಚಿತ್ತಮ್ಮ ಕಾರಿನಲ್ಲೇ, ಮುಂದಿನ ಬಲಗಡೆ ಸೀಟಿನಲ್ಲಿ ಉಳಿದಳು.

ಹಳೇ ಕಾರುಗಳ ಹುಚ್ಚಿನ ಏಕಾಂತಪ್ಪನಿಗೆ ಎರಡು ದಿನದಿಂದ ನಿದ್ದೆಯಿಲ್ಲ. ತೀರಿಹೋದ ರಂಗಯ್ಯ ಸಾಹುಕಾರರ ಮನೆಯವರು ಎರಡು ಕಾರು ಮಾರಲಿಟ್ಟಿದ್ದರು, ಒಂದು ಇಂಗ್ಲೆಂಡಿನದು, ಇನ್ನೊಂದು ಅಮೆರಿಕದ್ದು. ಇವನ ಕೈಲಾಗುವುದು ಒಂದೇ. ಇಂಗ್ಲೆಂಡಿನದು ಗಂಭೀರ, ಒಳಗೆಲ್ಲ ಮರದ ಕೆಲಸ, ಎಂಜಿನ್ ಸದ್ದನ್ನು ಕಿವಿಗೊಟ್ಟು ಕೇಳಬೇಕು. ಅಮೆರಿಕದ್ದು ಮೈತುಂಬ ಹೊಳೆಯುವ ಪಟ್ಟಿಗಳ ಉದ್ದನೆಯ ಶೋಕಿಲಾಲ, ಸ್ಟೇರಿಂಗು ಎಡಗಡೆ. ಓಡಿಸಿ ನೋಡಲೆಂದು ಇವತ್ತು ಅದನ್ನೇ ತಂದಿದ್ದ. ಜೊತೆಗೆ ಸಾಹುಕಾರರ ಮುದಿ ಡ್ರೈವರ್ ಜಂಪಣ್ಣ.

"ಎರಡೂ ಓಡ್ಸಿದೋರು ನೀವು. ಯಾವುದು ತಗಳ್ಲಿ, ನೀವೇ ಹೇಳ್ರಿ" ಎಂದ ಏಕಾಂತಪ್ಪ.

ಜಂಪಣ್ಣ ಬೀಡಿ ಆರಿಸಿದ. ಬೆಂಚಿನ ಮೇಲಿದ್ದ ಇಬ್ಬರು ಹಮಾಲರೂ ಇತ್ತ ತಿರುಗಿದರು.

"ಕುಂತ್ಕಳ್ರಿ ಸ್ವಾಮಿ... ನಮ್ ಸಾವ್ಕಾರ್ರಿಗೆ ಹಿಂದ್ಲ ಸೀಟಾಗೆ ಕುಂತ್ರೆ ವಾಂತಿ. ಇಪ್ಪತ್ತು ವರ್ಷ ಆ ಇಂಗ್ಲೆಂಡ್ ಕಾರಾಗೆ ನನ್ ಪಕ್ಕದಾಗೇ, ಎಡಗಡೆ ಬಾಗ್ಲು ತೆಗೆಯೋದು, ಕುಂದ್ರೋದು, ಊರು ಮುಟ್ಟೋತಂಕ ಮಾತೇ ಮಾತು... ಆಮ್ಯಾಕೆ ಈ ಅಮೆರಿಕಾ ಕಾರು ಬಂತು. ಮೊದಲ್ನೇ ದಿನ ಊರೆಲ್ಲ ಸೇರೈತೆ, ಸಾವ್ಕಾರ್ರು ರೂಢಿ ಮ್ಯಾಲೆ ಎಡಗಡೆ ಹತ್ತಿ ಕುಂತ್ರು ನೋಡ್ರಿ, ಎದಿಗೇ ಸ್ಟೇರಿಂಗು! ಜನ ನಗದೇ ಬಿಡ್ತಾರಾ? ಮನುಷ್ಯ ಇಳೀಲಿಲ್ಲ. 'ಲೇ ಜಂಪಾ, ನಾನೇ ಓಡುಸ್ಬೇಕಂತ ಕುಂತಿದೀನಿ' ಅಂದ್ಬುಟ್ರು. ಓಡ್ಸೋಕೆ ಎಲ್ಲಿ ಬರ್ತಿತ್ತು? ಕೆರೆ ಏರಿ ಮ್ಯಾಲೆ ಹೋಗಿ... ನಾನು ಪಕ್ಕದಾಗೇ ಇದ್ದೆ ಸ್ವಾಮಿ. ಸ್ಟೇರಿಂಗ್ ಕಿತ್ಕಬಹುದಿತ್ತು. ಇನ್ನೊಂದ್ ಸಾರಿ ಅವ್ರ ಮಾನ ಹೋಗೋದು ಬ್ಯಾಡ ಅಂತ ಸುಮ್ನಿದ್ದೆ. ನಾನು ಈಜಿ ಬಂದೆ, ಅವ್ರು ಬರ್ಲಿಲ್ಲ. ಕಾರು ಮ್ಯಾಕೆತ್ತಿ ರಿಪೇರಿ ಮಾಡ್ಸಿದ್ರು ಮನೆಯೋರು. ಆ ಸಂಕಟ ಇವತ್ತಿಗೂ ತಿಂತೈತೆ."

ಮಳೆ ಜೋರಾಯಿತು. ಏಕಾಂತಪ್ಪ ಲೋಟ ಹಿಡಿದು ಕೂತಲ್ಲೇ ಕಾಲು ಅಲ್ಲಾಡಿಸುತ್ತಿದ್ದ.

"ಸತ್ತೋರು ರೂಢಿ ಬಿಡ್ತಾರಾ? ತಿಂಗಳು ಕಳೀಲಿಲ್ಲ, ಇಂಗ್ಲೆಂಡ್ ಕಾರು ತೆಗೆದೆ, ಎಡಗಡೆ ಸೀಟು ಮೆತ್ತಗೆ ಕುಸೀತು... ಅದೇ ಮಾತು, ಅದೇ ನಗು. ನಂಗೆ ಹೆದರ್ಕೆ ಆಗ್ಲಿಲ್ಲ, ಅತ್ಬುಟ್ಟೆ. ಅದ್ರಾಗೆ ಬರೇ ಜೊತೆಗೆ ಕುಂತಿರ್ತಾರೆ, ಯಾರಿಗೇನು ತೊಂದ್ರೆ? ಅದನ್ನ ತಗಳ್ರಿ ಅಂತ ಅದ್ಕೇ ಹೇಳೋದು. ಇದ್ರಾಗೆ ಎಡಗಡೆ ಕುಂತ್ರೆ..."

"ಇದನ್ನ ಮೊದ್ಲೇ ಹೇಳೋದಲ್ವಾ!"

"ಬರೋವಾಗ ಆ ಸೀಟಾಗೆ ನೀವೇ ಇದ್ರಲ್ಲ ಸ್ವಾಮಿ, ಅವ್ರಿಗೆ ಜಾಗ ಎಲ್ಲಿತ್ತು?"

ಏಕಾಂತಪ್ಪ ಧಡಕ್ಕನೆ ಎದ್ದು ಬಾಗಿಲಿಗೆ ಬಂದ. ಮಂಜು ಹಿಡಿದ ಗಾಜಿನ ಒಳಗೆ ಚಿತ್ತಮ್ಮ ಎಡಕ್ಕೆ ತಿರುಗಿ ಕೂತಿದ್ದಳು. ತಲೆಯಾಡಿಸುತ್ತಿದ್ದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವನ ಕೈ ತಾನಾಗಿ ಜೇಬುಗಳನ್ನು ತಡಕಾಡಿತು, ಒಂದಾದ ಮೇಲೊಂದು.

ಬೆನ್ನ ಹಿಂದೆ ಜಂಪಣ್ಣನ ದನಿ ತಗ್ಗಿತ್ತು.

"ಮಾತು ಮುಗಿಯೋತಂಕ ಸಾವ್ಕಾರ್ರು ಕಾರು ಹೊರಡ್ಸಲ್ಲ... ಕೀ ನಿಮ್ ಹತ್ರಾನೇ ಐತಲ್ಲ ಸ್ವಾಮಿ?"