ಚಾಮುಂಡಮ್ಮನ ಇನ್ನೂರು ಪದ

"ಹಲೋ... ಯಾರು ಮಾತಾಡ್ತಿರೋದು?... ಹಾಂ, ಚಂದ್ರಮತಿ ಅಕ್ಕ, ನೀವಾ? ಕೆಸರೆಯ ಕಾಯಿನ್ ಬೂತಿಂದಾನಾ?..."

ಲಷ್ಕರ್ ಮೊಹಲ್ಲಾದ ತನ್ನ ಡಿಟಿಪಿ ಅಂಗಡಿಯಲ್ಲಿ ಬೀರೇಶ ಬೆಳಗಿನಿಂದ ಹೆದರಿಕೊಂಡಿದ್ದು ಚಾಮುಂಡಮ್ಮನ ಮಗಳ ಈ ಕರೆಗೇ.

"ಅಮ್ಮ ಎಂಗವ್ರೆ?... ಒಂದು ಮಾತೂ ಇಲ್ವಾ?... ಲಕ್ವಾ ಹೊಡೆದ್ರೆ ಅಂಗೇ ಕಣಕ್ಕ, ನಿಧಾನಕ್ಕೆ... ಇನ್ನು ಮಾತು ಬರಲ್ಲ ಅಂದ್ಬುಟ್ರಾ ಡಾಕ್ಟ್ರು?..."

"ಪುಸ್ತಕಾನಾ?... ಕೈಸನ್ನೆ ಮಾಡಿ ಕೇಳ್ತಾವ್ರಾ?... ಅಕ್ಕ, ಅದನ್ನೇ ಹೇಳ್ಬೇಕಿತ್ತು... ಪುಸ್ತಕಕ್ಕೆ ಅಂತ ಟೈಪ್ ಮಾಡಿದ್ದ ಅಮ್ಮನ ಸೋಬಾನೆ ಪದಗಳೆಲ್ಲ ಹೋಗ್ಬುಟ್ಟವು."

ಯಾರೋ ಕದ್ದರೆಂದುಕೊಂಡಳು ಆಕೆ. ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

"ಕಳ್ಳತನ ಅಲ್ಲ ಅಕ್ಕ, ನನ್ ಕೈಯಿಂದಾನೇ... ಪ್ರೆಸ್ಸಿನವರ ಫಾಂಟು ಬೇರೆ ಅಲ್ವಾ, ಅದಕ್ಕೆ ಬದಲಾಯಿಸ್ತಿದ್ದೆ. ನಮ್ ಅಕ್ಷರ ಕಂಪ್ಯೂಟರ್ ಒಳಗೆ ಕನ್ನಡವಾಗಿ ಇರಲ್ಲ, ಚುಕ್ಕಿ, ನಕ್ಷತ್ರ, ಡಾಲರ್ ಗುರುತು, ಇಂಥವಾಗಿ ಇರುತ್ತೆ. ಕೊಂಬು ಅನ್ನೋದು ಚುಕ್ಕಿಯಾಗಿತ್ತು. ಚುಕ್ಕಿ ಇರೋ ಕಡೆಯೆಲ್ಲ ಹೊಸ ಫಾಂಟಿನ ಕೊಂಬು ಹಾಕು ಅಂತ ಕಂಪ್ಯೂಟರಿಗೆ ಅಂದೆ... ಹಾಂ, ಅಷ್ಟೇ ಅಂದಿದ್ದು. ಆದ್ರೆ ಹುಡುಕೋ ಸೂತ್ರದಲ್ಲಿ ಬರೀ ಚುಕ್ಕಿ ಕೊಟ್ರೆ ಯಾವ ಅಕ್ಷರವಾದ್ರೂ ಸರಿ ಅಂತ ತಗೊಳುತ್ತೆ. ಚುಕ್ಕಿಯನ್ನೇ ಹುಡುಕು ಅನ್ನೋಕೆ ಅದಕ್ಕೂ ಮುಂಚೆ ಒಂದು ಓರೆಗೆರೆ ಹಾಕ್ಬೇಕು. ಹಾಕ್ಲಿಲ್ಲ ಕಣಕ್ಕ... ಇನ್ನೂರು ಪದದಲ್ಲೂ ಈಗ ಬರೀ ಕೊಂಬು."

"ಫ್ಲಾಪೀಲಾ?... ಸರಿಯಾಗಿ ನೋಡ್ದೇನೇ ಅದರ ಮೇಲೂ ಈ ಕೆಟ್ಟಿದ್ದನ್ನೇ ಕಾಪಿ ಮಾಡ್ಬುಟ್ಟೆ... ಅಮ್ಮ ಹಾಡಿದ ಕ್ಯಾಸೆಟ್ಟು ಒಂದೇ ಅಲ್ವಾ ಅಕ್ಕ? ನಾನು ಟೈಪ್ ಮಾಡಿದ ಮೇಲೆ ಅದರ ಮೇಲೇ ಮುಂದಿನ ಪದ ತುಂಬಿಸ್ತಿದ್ರಲ್ಲ... ಕೊನೇ ಮೂರು ಇರ್ಬೋದು, ಅಷ್ಟೇ."

ಎರಡು ವರ್ಷ ಆ ಮುದುಕಿಯ ದನಿಯನ್ನು ಕಿವಿಯಲ್ಲಿಟ್ಟುಕೊಂಡು ಟೈಪ್ ಮಾಡಿದವನಿಗೆ ಒಂದು ಪದವೂ ಬಾಯಿಗೆ ಬರುತ್ತಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಳ್ಬೇಡಿ ಅಕ್ಕ... ಏನಂದ್ರಿ?... ಅಮ್ಮಂಗೆ ಹೇಳೋದು ಬೇಡ್ವಾ?... ಹಾಂ, ಅವರ ಫೋಟೋ ಇರೋ ರಟ್ಟು ರೆಡಿ ಇದೆ. ಓದೋಕ್ ಬರಲ್ವಲ್ಲ ಅವರಿಗೆ, ಖಾಲಿ ಹಾಳೆ ಹಾಕಿ ಬೈಂಡ್ ಮಾಡ್ಲಾ?... ಹೌದು, ಖಾಲಿ ಇದ್ರೆ ಗೊತ್ತಾಗ್ಬುಡುತ್ತೆ... ಆ ಕೊಂಬುಗಳನ್ನೇ ಪ್ರಿಂಟ್ ಹಾಕ್ಲಾ?..."

"ಸರಿ, ಸಂಜೆಗೆ ನಾನೇ ತರ್ತೀನಿ... ಅಲ್ಲಾ ಅಕ್ಕ, ಇದನ್ನ ಓದು ಅಂತ ಅಮ್ಮ ಒಂದು ಹಾಳೆ ಮೇಲೆ ಬೆರಳಿಟ್ರೆ?... ಅಕ್ಕ?... ಇನ್ನೊಂದು ರೂಪಾಯಿ ಹಾಕಿ, ಕಟ್ ಆಗುತ್ತೆ... ಏನ್ ಓದ್ತೀರಾ ಅಕ್ಕ ಆವಾಗ?... ಹಲೋ?... ಹಲೋ..."