ಇಲ್ಲದ ಕಣಕ್ಕೆ ಸನ್ಮಾನ

ಚಿಕ್ಕಂದಿನಲ್ಲಿ ನಮ್ಮ ಅಟ್ಟದಲ್ಲಿದ್ದ ಕೊಬ್ಬರಿ ವಾಸನೆಯೇ ತಿಪಟೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತ ರೈತರೊಬ್ಬರ ಟವೆಲ್ಲಿನಿಂದ ಬರುತ್ತಿತ್ತು. ಅವರೊಡನೆ ಭೌತವಿಜ್ಞಾನದ ಸಂಶೋಧಕಿ ಮಗಳು.

"ಅಪ್ಪಾಜಿ, ನಮಗೆ ಸಿಕ್ಕಿದ್ದು ಆ ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಕಣ ಅಲ್ಲ. ಯಂತ್ರದ ದೋಷ. ನಾನೇ ಸರಿಯಾಗಿ ನೋಡ್ಲಿಲ್ಲ."

"ನಮ್ಮೂರ್ ನೊಣವಿನಕೆರೇಲಿ ಫ್ಲೆಕ್ಸ್ ಕಟ್ಟವ್ರಲ್ಲವ್ವ! ನಾಳೆ ನಿಂಗೆ ಸನ್ಮಾನ."

"ಯಾವ ಮುಖ ಹೊತ್ಕೊಂಡ್ ಬರ್ಲಿ? ವಾಪಸ್ ಹೋಗ್ತೀನಿ."

"ನಾನೂ ಒಂದ್ಸಲ ಕಾಯಿ ಅಲ್ಲಾಡ್ಸಿ, ಸದ್ದು ಕೇಳಿ, ಕೊಬ್ರಿ ಆಗೈತೆ ಅಂತ ವ್ಯಾಪಾರಿನ ಕರ್ಸಿದ್ದೆ. ಒಡುದ್ರೆ ಎಲ್ಲಾ ಕೊಳ್ತೋಗಿತ್ತು."

"ವ್ಯಾಪಾರಿಗೆ ಏನಂದ್ರಿ?"

"ನಂದೇ ತಪ್ಪು ಅಂದೆ. ಊರೆಲ್ಲ ನಕ್ತು ಕಣವ್ವ."

ಮಗಳು ತಲೆ ತಗ್ಗಿಸಿದಳು.

"ನಾಳೆ ಮೈಕಲ್ಲಿ ನಾನೇ ಹೇಳ್ತೀನಿ."

"ಹೇಳು. ಪಕ್ಕದಲ್ಲೇ ನಿಂತಿರ್ತೀನಿ."

ನೊಣವಿನಕೆರೆ ಬಸ್ಸಿಗೆ ಮಗಳೇ ಮೊದಲು ಹತ್ತಿದಳು. ತಂದೆ ಅವಳ ಮುಖ ನೋಡದೆ, ರೊಟ್ಟಿಯ ಬುತ್ತಿಯನ್ನು ಮೆಲ್ಲಗೆ ಅವಳ ಕೈಗಿತ್ತರು.